ಬಸ್ಸು ಹೋಯ್ತು ಸರಿ, ಅಜ್ಜಿ ಇಳಿದಳಾ?

ಬಹಳ ದಿನ ಆಯ್ತು ಇತ್ತ ತಲೆ ಹಾಕದೆ. ಆಫೀಸು, ರಿಲೀಸು, ಮತ್ತೆ ಆಫೀಸು... ಹೀಗೇ ಕಳೆದುಹೋಯ್ತು. ಈ ಸಲ ಬರೆಯುತ್ತಿರುವುದು ಸ್ವಲ್ಪ ನನ್ನ ಕೆಲಸದ ವಿಷಯ. ಜಾವಾ ಅಂದ್ರೆ ಅಲರ್ಜಿ ಇರುವವರು ಗಾಬರಿ ಬೀಳಬೇಡಿ, ಶುರು ಮಾಡೋದು ಅಜ್ಜಿ ಕಥೆಯಿಂದಲೇ :-)

ನಮ್ಮನೆ ಇರೋದು ಕೊಪ್ಪ ತಾಲ್ಲೂಕಿನ ಹರಿಹರಪುರದ ಹತ್ತಿರ. ಅಜ್ಜಿಯ ತವರು ನರಸಿಂಹರಾಜಪುರದ ಕಡೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಅಜ್ಜಿ ತವರಿನಿಂದ ನೇರ ಶೃಂಗೇರಿಗೆ ಒಂದು ಉಪನಯನಕ್ಕೆ ಹೊರಟಳು. ಕೊಪ್ಪದಲ್ಲಿ ಇಳಿದು ಬಸ್ಸು ಬದಲಿಸಬೇಕು. ಮಾವ ಎರಡೂ ಬಸ್ಸಿನ ಟೈಮು ವಿಚಾರಿಸಿಯೇ ಕಳಿಸಿದ್ದ. ಮೊದಲ ಬಸ್ಸು ಕೊಪ್ಪಕ್ಕೆ ನಾಲ್ಕು ನಲವತ್ತಕ್ಕೆ ಮುಟ್ಟಬೇಕಿತ್ತು, ಮುಟ್ಟಿತು. ಎರಡನೆಯದು ಕೊಪ್ಪದಿಂದ ನಾಲ್ಕು ಮೂವತ್ತೈದಕ್ಕೆ ಹೊರಡಬೇಕಿತ್ತು, ಹೊರಟಿತು! ಆಷಾಢದ ಮಳೆಯಲ್ಲಿ ಅಜ್ಜಿ ಒಂದು ಚೀಲ, ಒಂದು ಕೊಡೆ ಹಿಡಿದುಕೊಂಡು ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ನಿಂತಳು. ಆಮೇಲೆ ಮನೆಯಲ್ಲಿ ದೊಡ್ಡ ರಗಳೆ. ಮಾವನದ್ದು ಒಂದೇ ಮಾತು: "ಎರಡೂ ಬಸ್ಸು ಟೈಮಿಗೆ ಸರಿಯಾಗೇ ಇದ್ವಲ್ಲ ಮಾರಾಯ, ನಾನೆಂತ ಮಾಡ್ಲಿ?"

ಮಾವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದೊಂದೇ ಬಸ್ಸನ್ನು ನೋಡಿದರೆ ಎರಡೂ ನೂರಕ್ಕೆ ನೂರು. ಕೆಟ್ಟದ್ದು ಬಸ್ಸಲ್ಲ, ಎರಡು ಬಸ್ಸುಗಳ ನಡುವಿನ ಆ ಐದು ನಿಮಿಷ.

ನಮ್ಮ ಸಾಫ್ಟ್‌ವೇರಿನವರ ಭಾಷೆಯಲ್ಲಿ ಮಾವ ಮಾಡಿದ್ದು ಯುನಿಟ್ ಟೆಸ್ಟ್. ಅಜ್ಜಿ ಮಾಡಿದ್ದು ಇಂಟಿಗ್ರೇಶನ್ ಟೆಸ್ಟ್, ಅದೂ ಮಳೆಯಲ್ಲಿ ನೆನೆದು.

ಈಗ ನನ್ನದೇ ತಪ್ಪಿನ ಕಥೆ. ಎರಡು ವರ್ಷದ ಹಿಂದೆ ನಾನಿದ್ದ ತಂಡ ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಸಂಘಕ್ಕೆ ತಂತ್ರಾಂಶ ಮಾಡಿಕೊಟ್ಟಿತು. ಸಂಘದ ಹೆಸರು ಬೇಡ, ನಮ್ಮ ಕಂಪನಿಯ ಹೆಸರೂ ಬೇಡ. ನಮ್ಮ ಕಡೆಯವರದ್ದೇ ಕೆಲಸ ಅಂತ ನಾನೇ ಕೈ ಎತ್ತಿ ಸೇರಿಕೊಂಡಿದ್ದೆ. ರಾಶಿ, ಬೆಟ್ಟೆ, ಗೊರಬಲು ಅಂದ್ರೆ ಏನು ಅಂತ ತಂಡಕ್ಕೆಲ್ಲ ಪಾಠ ಮಾಡಿದ್ದೂ ನಾನೇ. ಕೆಲಸ ಸರಳ. ಹರಾಜಿನಲ್ಲಿ ಅಡಿಕೆ ಮಾರಾಟವಾದ ಮೇಲೆ ತೂಕಕ್ಕೆ ದರ ಗುಣಿಸಿ, ಕಮಿಷನ್, ಸಾಲದ ಕಂತು ಕಳೆದು ಬೆಳೆಗಾರರ ಲೆಕ್ಕ ತೆಗೆಯುವುದು ಒಂದು ಭಾಗ. ಆ ಲೆಕ್ಕವನ್ನು ಬ್ಯಾಂಕಿಗೆ ಕಳಿಸುವ ಫೈಲು ಮಾಡುವುದು ಇನ್ನೊಂದು ಭಾಗ. ಮೊದಲನೆಯದು ನನ್ನದು, ಎರಡನೆಯದು ಗೆಳೆಯನದ್ದು. ಎರಡಕ್ಕೂ ದಂಡಿಯಾಗಿ ಯುನಿಟ್ ಟೆಸ್ಟ್ ಇದ್ದವು. ಕವರೇಜ್ 86 ಪರ್ಸೆಂಟ್. ಮೀಟಿಂಗಿನಲ್ಲಿ ಚಪ್ಪಾಳೆ ಬೇರೆ.

ನನ್ನ ಭಾಗ ಮೊತ್ತವನ್ನು ರೂಪಾಯಿಯಲ್ಲಿ ಕೊಡುತ್ತಿತ್ತು. ಗೆಳೆಯನ ಭಾಗ ಅದು ಪೈಸೆ ಅಂದುಕೊಂಡು ನೂರರಿಂದ ಭಾಗಿಸುತ್ತಿತ್ತು. ಅವನ ಟೆಸ್ಟಿನಲ್ಲಿ ನನ್ನ ಭಾಗದ ಜಾಗಕ್ಕೆ ಒಂದು ಬೊಂಬೆಯನ್ನು, ಅಂದರೆ ಮಾಕ್ ಅನ್ನು, ಕೂರಿಸಿದ್ದ. ಬೊಂಬೆ ಅವನೇ ಮಾಡಿದ್ದು, ಅದು ಅವನು ಅಂದುಕೊಂಡ ಹಾಗೆ ಪೈಸೆಯನ್ನೇ ಕೊಡುತ್ತಿತ್ತು. ಎಲ್ಲ ಟೆಸ್ಟೂ ಹಸಿರು.

ಮೊದಲ ಪಾವತಿಯ ದಿನ 1,80,000 ರೂಪಾಯಿ ಬರಬೇಕಿದ್ದವರ ಖಾತೆಗೆ 1,800 ಬಂತು. ಅವರು ಸಣ್ಣ ಹಿಡುವಳಿಯವರು, ಮಗಳ ಕಾಲೇಜು ಫೀಸಿಗೆ ಮಾರನೇ ದಿನವೇ ಕಡೆ ದಿನ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ಸಂಘದ ಜಗುಲಿಯಲ್ಲಿ ಕೂತಿದ್ದರಂತೆ. ಯಾರಿಗೂ ಬೈಯಲಿಲ್ಲವಂತೆ. "ನನ್ನ ಅಡಿಕೆ ತೂಕ ಮಾಡಿದ್ದು ತಪ್ಪಾಯ್ತಾ, ಇನ್ನೊಂದ್ಸಲ ನೋಡಿ" ಅಂದರಂತೆ. ಎರಡು ದಿನದಲ್ಲಿ ದುಡ್ಡು ಸರಿಹೋಯ್ತು. ಫೀಸನ್ನು ಅವರು ನೆರೆಮನೆಯವರ ಹತ್ತಿರ ಕೈಗಡ ತಂದು ಕಟ್ಟಿದ್ದರು. ತಪ್ಪು ನಮ್ಮದು, ಸಂಶಯಪಟ್ಟಿದ್ದು ತಮ್ಮ ಅಡಿಕೆ ಮೇಲೆ. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಇದು ನಮ್ಮಂಥ ಸಣ್ಣವರಿಗೆ ಮಾತ್ರ ಆಗುವುದು ಅಂದುಕೊಳ್ಳಬೇಡಿ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಹತ್ತಿರ ಹೋಗಿ ಕಳೆದೇಹೋಯಿತು. ಭೂಮಿಯ ಮೇಲಿದ್ದ ಒಂದು ತಂತ್ರಾಂಶ ಲೆಕ್ಕವನ್ನು ಪೌಂಡ್ ಅಳತೆಯಲ್ಲಿ ಕೊಡುತ್ತಿತ್ತು, ಅದನ್ನು ಬಳಸುವ ಇನ್ನೊಂದು ತಂತ್ರಾಂಶ ನ್ಯೂಟನ್ ಅಳತೆ ಅಂದುಕೊಂಡಿತ್ತು. ಅದೂ ರೂಪಾಯಿ-ಪೈಸೆಯ ಕಥೆಯೇ ತಾನೇ?

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಇಂಟಿಗ್ರೇಶನ್ ಟೆಸ್ಟ್ ಇರಲಿಲ್ಲವೇ? ಇದ್ದವು, ನಲವತ್ತರ ಮೇಲೆ. ಅವುಗಳ ಕವರೇಜ್ ಅಳೆಯುತ್ತಿರಲಿಲ್ಲವೇ? ಅದನ್ನೂ ಅಳೆಯುತ್ತಿದ್ದೆವು! ಆದರೆ ಯುನಿಟ್ ಟೆಸ್ಟಿನದ್ದನ್ನೂ ಇಂಟಿಗ್ರೇಶನ್ ಟೆಸ್ಟಿನದ್ದನ್ನೂ ಒಟ್ಟಿಗೆ ಕಲಸಿ ಒಂದೇ ಅಂಕಿ ಮಾಡುತ್ತಿದ್ದೆವು. ಆ 86 ಬಂದದ್ದೇ ಹಾಗೆ. ಪಾವತಿ ತಪ್ಪಿದ ದಿನ ಸಂಜೆ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದೆ. ಇಂಟಿಗ್ರೇಶನ್ ಟೆಸ್ಟಿನ ಕವರೇಜ್ 31. ಬ್ಯಾಂಕಿನ ಫೈಲು ಮಾಡುವ ಭಾಗ ಪೂರ್ತಿ ಕೆಂಪು, ಸೊನ್ನೆ. ಬ್ಯಾಂಕಿನ ಪರೀಕ್ಷಾ ಸರ್ವರ್ ನಿಧಾನ ಅಂತ ಯಾರೋ ಇಂಟಿಗ್ರೇಶನ್ ಟೆಸ್ಟಿನಲ್ಲೂ ಅಲ್ಲಿ ಬೊಂಬೆಯನ್ನೇ ಕೂರಿಸಿಬಿಟ್ಟಿದ್ದರು. ಎರಡೂ ಭಾಗ ಕೈಕೈ ಹಿಡಿದು ಒಂದು ಸಲವೂ ಓಡಿರಲಿಲ್ಲ. ಕಲಸಿದ ರಿಪೋರ್ಟಿನಲ್ಲಿ ಮಾತ್ರ ಯುನಿಟ್ ಟೆಸ್ಟಿನ ಹಸಿರು ಬಣ್ಣ ಆ ಕೆಂಪನ್ನು ಮುಚ್ಚಿಹಾಕಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಇಂಟಿಗ್ರೇಶನ್ ಟೆಸ್ಟಿನ ಕವರೇಜ್ ಅಳೆಯಿರಿ, ಆದರೆ ಬೇರೆಯಾಗಿ ಅಳೆಯಿರಿ. ಅದರಲ್ಲಿ ಕೆಂಪನ್ನು ಓದಿ, ಹಸಿರನ್ನು ನಂಬಬೇಡಿ.

ಹಸಿರನ್ನು ಯಾಕೆ ನಂಬಬಾರದು? ಅದಕ್ಕೂ ನಾವು ಮಾಡಿದ ಇನ್ನೊಂದು ಘನಕಾರ್ಯ ಹೇಳುತ್ತೇನೆ. 31 ಅನ್ನೋ ಅಂಕಿ ಮೇಲಿನವರಿಗೆ ಗೊತ್ತಾದ ಕೂಡಲೇ ಆಜ್ಞೆ ಬಂತು: ಮುಂದಿನ ರಿಲೀಸಿನೊಳಗೆ 75 ಆಗಬೇಕು. ಆಯ್ತು, ಮಾಡಿದೆವು. ಅಪ್ಲಿಕೇಶನ್ ಎಬ್ಬಿಸಿ, ಇರುವ ಎಲ್ಲ ವಿಳಾಸಗಳನ್ನೂ ಒಂದೊಂದು ಸಲ ತಟ್ಟಿ ಬರುವ ಒಂದು ಟೆಸ್ಟ್ ಬರೆದೆವು. ಒಳಗಿಂದ ಏನು ಉತ್ತರ ಬಂತು ಅಂತ ಕೇಳಲೇ ಇಲ್ಲ. ಒಂದೇ ರಾತ್ರಿಯಲ್ಲಿ 31 ಹೋಗಿ 78! ಮತ್ತೆ ಚಪ್ಪಾಳೆ. ರೂಪಾಯಿಯನ್ನು ಪೈಸೆ ಅಂದುಕೊಂಡಿದ್ದ ಹಳೇ ಕೋಡನ್ನೇ ವಾಪಸ್ ಹಾಕಿದ್ದರೂ ಆ ಟೆಸ್ಟ್ ನಗುನಗುತ್ತಾ ಪಾಸಾಗುತ್ತಿತ್ತು.

ನಂಬಿಕೆ ಬರದಿದ್ದರೆ ನೀವೇ ಮಾಡಿ ನೋಡಿ. ನಿಮ್ಮ ಟೆಸ್ಟುಗಳಲ್ಲಿರುವ ಅಸರ್ಟ್ ಸಾಲುಗಳನ್ನೆಲ್ಲ ಅಳಿಸಿ ಮತ್ತೆ ಅಳೆಯಿರಿ. ನಿಮ್ಮ ಅಪ್ಲಿಕೇಶನ್ನಿನ ಕವರೇಜ್ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಕವರೇಜ್ ಹೇಳುವುದು "ಈ ಸಾಲು ಓಡಿತು" ಅಂತ ಮಾತ್ರ. "ಸರಿಯಾಗಿ ಓಡಿತು" ಅಂತ ಅದು ಯಾವತ್ತೂ ಹೇಳಿಲ್ಲ, ನಾವೇ ಹಾಗೆ ಕೇಳಿಸಿಕೊಂಡಿದ್ದು.

ನಮ್ಮೂರ ಕಡೆಯವರಿಗೆ ಸಹಕಾರ ಸಾರಿಗೆ ನೆನಪಿರುತ್ತದೆ. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಬಸ್ ಸಂಸ್ಥೆ, 2020ರಲ್ಲಿ ನಿಂತುಹೋಯಿತು. ನಾನು ಸ್ಕೂಲಿಗೆ ಹೋಗಿದ್ದು ಅದರಲ್ಲೇ. ಆ ಬಸ್ಸಿನ ಕಂಡಕ್ಟರಿಗೆ ಯಾರು ಎಲ್ಲಿ ಇಳಿಯುತ್ತಾರೆ ಅಂತ ಗೊತ್ತಿರುತ್ತಿತ್ತು. ಕಿಟಕಿಗೆ ತಲೆ ಒರಗಿಸಿ ತೂಕಡಿಸುತ್ತಿದ್ದ ಅಜ್ಜಿಗೆ, "ಅಮ್ಮಾ, ನಿಮ್ಮ ಸ್ಟಾಪ್ ಬಂತು, ಇಳೀರಿ" ಅಂತ ಎಬ್ಬಿಸಿ, ಚೀಲ ಕೆಳಗೆ ಕೊಟ್ಟು, ಅವಳು ರಸ್ತೆ ಬದಿಗೆ ಸರಿದ ಮೇಲೇ ಸೀಟಿ ಊದುತ್ತಿದ್ದರು. ಬಸ್ಸು ಆ ಸ್ಟಾಪಿನ ಮೇಲೆ ಹಾದುಹೋಯಿತು ಅನ್ನುವುದು ಕವರೇಜ್. ಅಜ್ಜಿ ಇಳಿದಳಾ ಅಂತ ತಿರುಗಿ ನೋಡುವುದು ಅಸರ್ಟ್. ನಮ್ಮ 78 ಪರ್ಸೆಂಟಿನ ಬಸ್ಸು ಎಲ್ಲ ಸ್ಟಾಪಿನ ಮೇಲೂ ಹೋಗಿತ್ತು, ಒಳಗೆ ಕಂಡಕ್ಟರೇ ಇರಲಿಲ್ಲ.

ಕೆಂಪಿನ ವಿಷಯ ಹಾಗಲ್ಲ. ಬಸ್ಸು ಹೋಗದ ಊರಿನಲ್ಲಿ ಯಾವ ಅಜ್ಜಿಯೂ ಇಳಿದಿರಲು ಸಾಧ್ಯವಿಲ್ಲ. ಅಲ್ಲಿ ವಾದವೇ ಇಲ್ಲ. ಅದಕ್ಕೇ ಕವರೇಜಿನಲ್ಲಿ ನಂಬಲು ಯೋಗ್ಯವಾದದ್ದು ಕೆಂಪು ಮಾತ್ರ. ಆದರೆ ಆ ಕೆಂಪೂ ನಿಜವಾದ ಕೆಂಪಾಗಿರಬೇಕಾದರೆ ಅಳತೆ ಸರಿ ಇರಬೇಕು.

ಹೀಗಾಗಿ ಅಳೆಯುವ ಬಗ್ಗೆ ನಾಲ್ಕು ಮಾತು. ಮುಂದಿನ ಭಾಗ ಮಾವೆನ್ ಬಳಸುವ ಗೆಳೆಯರಿಗೆ, ಉಳಿದವರು ಬೇಕಾದರೆ ಒಂದು ಕಾಫಿ ಕುಡಿದು ಬನ್ನಿ.

2000ರ ದಶಕದಲ್ಲಿ ಜಾವಾದವರು ಈ ಕೆಲಸಕ್ಕೆ ಎಮ್ಮಾ (ಎಮ್ಮೆ ಅಲ್ಲ!), ಕೋಬರ್ಚುರಾ ಅಂತೆಲ್ಲ ಬಳಸುತ್ತಿದ್ದರು. ಈಗ ಹೆಚ್ಚಿನವರು ಬಳಸುವುದು ಜಾಕೊಕೊ. ಜಾವಾ ಕೋಡ್ ಕವರೇಜ್ ಅನ್ನೋದರ ಚುಟುಕು ರೂಪ. ಮೊನ್ನೆ ಮನೆಯಿಂದಲೇ ಕೆಲಸ ಮಾಡುತ್ತಾ ಫೋನಿನಲ್ಲಿ "ಜಾಕೊಕೊ ಎಷ್ಟು ಬಂತು?" ಅಂತ ಕೇಳುತ್ತಿದ್ದೆ. ಒಳಗಿಂದ ಅಮ್ಮ, "ಎಂತದಾ, ಕೊಕ್ಕೋಗೆ ರೇಟ್ ಏರಿತನಾ?" ಅಂದಳು. ಅಡಿಕೆ ಮರಗಳ ನಡುವೆ ಕೊಕ್ಕೋ ಹಾಕಿದವರಿಗೆ ಬರುವ ಸಹಜ ಅನುಮಾನ :-)

ಜಾವಾ ಪ್ರೋಗ್ರಾಮ್ ಓಡುವುದು ಜೆವಿಎಂ ಒಳಗೆ. ಜೆವಿಎಂ ಶುರುವಾಗುವಾಗಲೇ ಜಾಕೊಕೊದ ಏಜೆಂಟ್ ಒಳಗೆ ಹತ್ತಿ ಕೂರುತ್ತದೆ. ಕ್ಲಾಸುಗಳು ಲೋಡ್ ಆಗುವ ಹೊತ್ತಿಗೆ ಅವುಗಳ ಬೈಟ್‌ಕೋಡಿನಲ್ಲಿ ಅಲ್ಲಲ್ಲಿ ಗುರುತು ಇಡುತ್ತದೆ. ಕೋಡ್ ಆ ಗುರುತನ್ನು ದಾಟಿದರೆ ಟಿಕ್. ಕೊನೆಗೆ ಒಂದು ಫೈಲಿಗೆ ಬರೆಯುತ್ತದೆ. ಆ ಫೈಲನ್ನೂ ಕ್ಲಾಸುಗಳನ್ನೂ ಎದುರು ಬದುರು ಇಟ್ಟು ಹಸಿರು, ಹಳದಿ, ಕೆಂಪು ಬಣ್ಣದ ರಿಪೋರ್ಟ್ ಮಾಡುತ್ತದೆ. ಹಳದಿ ಅಂದರೆ ಅರ್ಧ ಮಾತ್ರ ಓಡಿದೆ, ಇಫ್ ಕಡೆ ಹೋಗಿದೆ, ಎಲ್ಸ್ ಕಡೆ ಹೋಗಿಲ್ಲ ಅಂತ.

ಮಾವೆನ್‌ನಲ್ಲಿ ಯುನಿಟ್ ಟೆಸ್ಟ್ ಓಡಿಸುವುದು ಶೂರ್‌ಫೈರ್, ಇಂಟಿಗ್ರೇಶನ್ ಟೆಸ್ಟ್ ಓಡಿಸುವುದು ಫೇಲ್‌ಸೇಫ್. ಹೆಸರು 'ಟೆಸ್ಟ್' ಅಂತ ಮುಗಿದರೆ ಮೊದಲನೆಯದರ ಪಾಲಿಗೆ, 'ಐಟಿ' ಅಂತ ಮುಗಿದರೆ ಎರಡನೆಯದರ ಪಾಲಿಗೆ. ಜಾಕೊಕೊದಲ್ಲೂ ಎರಡಕ್ಕೂ ಬೇರೆ ಬೇರೆ ವ್ಯವಸ್ಥೆ ಇದೆ. ಪ್ರಿಪೇರ್-ಏಜೆಂಟ್ ಜೊತೆಗೆ ಪ್ರಿಪೇರ್-ಏಜೆಂಟ್-ಇಂಟಿಗ್ರೇಶನ್ ಹಾಕಿಕೊಂಡರೆ ಎರಡು ಫೈಲು ಬೇರೆಯಾಗಿಯೇ ಬರುತ್ತವೆ. ರಿಪೋರ್ಟ್-ಇಂಟಿಗ್ರೇಶನ್ ಹಾಕಿಕೊಂಡರೆ ಎರಡನೆಯದಕ್ಕೆ ಅದರದ್ದೇ ರಿಪೋರ್ಟು. ಅಂದರೆ ಮಾಡಿದವರು ಬೇರೆಯಾಗಿಯೇ ಇಟ್ಟುಕೊಟ್ಟಿದ್ದಾರೆ, ಕಲಸಿದವರು ನಾವು.

ಇನ್ನು ನಾನು ಬಿದ್ದ ಗುಂಡಿಗಳು:

ಒಂದು. ಏಜೆಂಟ್ ಕೂತಿರುವುದು ಟೆಸ್ಟ್ ಓಡುವ ಜೆವಿಎಂನಲ್ಲಿ. ನಿಮ್ಮ ಅಪ್ಲಿಕೇಶನ್ ಬೇರೆ ಟಾಮ್‌ಕ್ಯಾಟ್‌ನಲ್ಲೋ ಡಾಕರ್ ಕಂಟೇನರಿನಲ್ಲೋ ಓಡುತ್ತಿದ್ದರೆ ಅಲ್ಲಿ ನಡೆದದ್ದು ಇದಕ್ಕೆ ಕಾಣುವುದಿಲ್ಲ. ಕೊಪ್ಪದ ಬಸ್ಸಿನಲ್ಲಿ ಕೂತ ಕಂಡಕ್ಟರ್ ಶೃಂಗೇರಿ ಬಸ್ಸಿನ ಟಿಕೆಟ್ ಹರಿಯುವುದು ಹೇಗೆ? ಆ ಜೆವಿಎಂಗೂ ಏಜೆಂಟನ್ನು ಹತ್ತಿಸಬೇಕು.

ಎರಡು. ಏಜೆಂಟ್ ಸಾಮಾನ್ಯವಾಗಿ ಲೆಕ್ಕ ಬರೆಯುವುದು ಜೆವಿಎಂ ಮುಚ್ಚುವಾಗ. ಅದನ್ನು ಬಲವಂತವಾಗಿ ಕೊಂದರೆ, ಅಂದರೆ ಕಿಲ್ ಮೈನಸ್ ಒಂಬತ್ತು ಕೊಟ್ಟರೆ, ಏನೂ ಬರೆಯುವುದಿಲ್ಲ. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟು ಹೋದ ಹಾಗೆ, ಅಷ್ಟೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ. ಡಾಕರ್ ಸ್ಟಾಪ್ ಕೂಡ ಮೊದಲು ಮರ್ಯಾದೆಯಿಂದ ಹೇಳಿ, ಸಾಮಾನ್ಯವಾಗಿ 10 ಸೆಕೆಂಡ್ ಕಾದು, ಆಮೇಲೆ ಕೊಂದೇಬಿಡುತ್ತದೆ. ಅಪ್ಲಿಕೇಶನ್ ಅಷ್ಟರೊಳಗೆ ಮುಚ್ಚದಿದ್ದರೆ ಏಜೆಂಟನ್ನು ಟಿಸಿಪಿ ಸರ್ವರ್ ರೀತಿಯಲ್ಲಿ ಓಡಿಸಿ, ಮುಚ್ಚುವ ಮೊದಲೇ ಡಂಪ್ ಕೇಳಿ ತೆಗೆದುಕೊಳ್ಳಿ.

ಮೂರು. ಜಾಕೊಕೊ ಕ್ಲಾಸನ್ನು ಹೆಸರಿನಿಂದ ಮಾತ್ರ ಗುರುತಿಸುವುದಿಲ್ಲ, ಅದರ ಬೈಟ್‌ಗಳಿಂದ ಲೆಕ್ಕ ಹಾಕಿದ ಒಂದು ಸಂಖ್ಯೆಯಿಂದ ಗುರುತಿಸುತ್ತದೆ. ಓಡಿದ ಕ್ಲಾಸೇ ಬೇರೆ, ರಿಪೋರ್ಟಿಗೆ ಕೊಟ್ಟ ಕ್ಲಾಸೇ ಬೇರೆ ಆದರೆ ಸೊನ್ನೆ. ಬ್ಯಾಂಕಿನಲ್ಲಿ ಅಪ್ಪಯ್ಯನ ಸಹಿ ಹೊಂದಲಿಲ್ಲ ಅಂತ ಚೆಕ್ ವಾಪಸ್ ಮಾಡಿದ ಹಾಗೆ. ಎದುರಿಗೆ ನಿಂತಿರೋದು ಅಪ್ಪಯ್ಯನೇ, ಆದರೂ ಆಗಲ್ಲ.

ನಾಲ್ಕು. ಪಾಮ್ ಫೈಲಿನಲ್ಲಿ ನೀವೇ ಬೇರೆ ಆರ್ಗ್‌ಲೈನ್ ಬರೆದಿದ್ದರೆ ಜಾಕೊಕೊ ಕೊಟ್ಟದ್ದನ್ನು ಅದು ತಳ್ಳಿಹಾಕುತ್ತದೆ. ಏಜೆಂಟ್ ಬಸ್ಸು ಹತ್ತುವುದೇ ಇಲ್ಲ. ಬಿಲ್ಡ್ ಮಾತ್ರ ಪಾಸು.

ಐದು. ಹಳೇ ಫೈಲು ಇದ್ದರೆ ಹೊಸ ಲೆಕ್ಕವನ್ನು ಅದಕ್ಕೇ ಸೇರಿಸುತ್ತಾ ಹೋಗುತ್ತದೆ. ಕ್ಲೀನ್ ಮಾಡದೆ ಓಡಿಸಿದರೆ ನಿನ್ನೆಯ ಹಸಿರು ಇವತ್ತೂ ಕಾಣಬಹುದು. ಹಾಗೆಯೇ ಇಂಟಿಗ್ರೇಶನ್-ಟೆಸ್ಟ್ ಹಂತಕ್ಕೆ ನಿಲ್ಲಿಸಬೇಡಿ, ವೆರಿಫೈ ತನಕ ಓಡಿಸಿ. ಎಬ್ಬಿಸಿದ ಸರ್ವರ್ ಮುಚ್ಚುವುದೂ, ಟೆಸ್ಟ್ ಫೇಲಾಗಿದ್ದರೆ ಬಿಲ್ಡ್ ನಿಲ್ಲುವುದೂ ಆಮೇಲೆಯೇ.

ಗಮನಿಸಿದಿರಾ? ಈ ಐದರಲ್ಲಿ ನಾಲ್ಕು ಸುಳ್ಳು ಕೆಂಪು ತೋರಿಸುತ್ತವೆ ಇಲ್ಲವೇ ರಿಪೋರ್ಟನ್ನೇ ಕೊಡುವುದಿಲ್ಲ, ಒಂದು ಸುಳ್ಳು ಹಸಿರು ತೋರಿಸುತ್ತದೆ. ಸುಳ್ಳು ಕೆಂಪು ಬಂದರೆ ಯಾರಾದರೂ ತಲೆ ಕೆರೆದುಕೊಂಡು ಹುಡುಕುತ್ತಾರೆ. ಸುಳ್ಳು ಹಸಿರನ್ನು ಯಾರೂ ಹುಡುಕುವುದಿಲ್ಲ. ಅದು ಬಂದ ದಿನ ಮೀಟಿಂಗಿನಲ್ಲಿ ಚಪ್ಪಾಳೆ.

ಕೆಲವು ಹಿರಿಯರು ಕೇಳುತ್ತಾರೆ, ಇಂಟಿಗ್ರೇಶನ್ ಟೆಸ್ಟಿಗೆ ಕವರೇಜ್ ಯಾಕಪ್ಪ ಅಂತ. ಅಪ್ಲಿಕೇಶನ್ ಎದ್ದು ನಿಲ್ಲುವಷ್ಟರಲ್ಲೇ ಎಷ್ಟೋ ಸಾಲು ತನ್ನಷ್ಟಕ್ಕೆ ಓಡಿರುತ್ತದೆ, ಆ ಅಂಕಿಗೆ ಅರ್ಥ ಇಲ್ಲ ಅಂತ ಅವರ ವಾದ. ಅರ್ಧ ಒಪ್ಪುತ್ತೇನೆ. ಅಂಕಿಗೆ ಅರ್ಥ ಇಲ್ಲ, ನಿಜ. ಆದರೆ ಅಷ್ಟು ಸುಲಭವಾಗಿ ಹಸಿರಾಗುವ ರಿಪೋರ್ಟಿನಲ್ಲೂ ಒಂದು ಭಾಗ ಕೆಂಪಾಗಿಯೇ ಉಳಿದಿದೆ ಅಂದರೆ ಅಲ್ಲಿಗೆ ಯಾರೂ ಹೋಗೇ ಇಲ್ಲ ಅಂತಾಯ್ತಲ್ಲ? ನಮ್ಮ ಬ್ಯಾಂಕ್ ಫೈಲಿನ ಕೋಡ್ ಹಾಗೆಯೇ ಬಿದ್ದಿತ್ತು. ಬೇರೆಯಾಗಿ ಒಂದು ಸಲ ನೋಡಿದ್ದರೆ ಸಾಕಿತ್ತು.

ಇನ್ನು ಕೆಲವರು, ಈ ಟೆಸ್ಟುಗಳೇ ನಿಧಾನ, ಅದರ ಮೇಲೆ ಅಳತೆ ಬೇರೆ ಅನ್ನುತ್ತಾರೆ. ಪ್ರತೀ ಸಲ ಅಳೆಯಲೇಬೇಕಿಲ್ಲ. ರಾತ್ರಿ ಒಂದು ಸಲ ಓಡಿಸಿ, ವಾರಕ್ಕೊಮ್ಮೆ ಕೂತು ಕೆಂಪನ್ನು ಓದಿದರೂ ಸಾಕು. ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಕೆಟ್ಟರೆ ಯಾರು ಬೀದಿಯಲ್ಲಿ ನಿಲ್ಲುತ್ತಾರೆ? ಯಾರೂ ಇಲ್ಲ ಅಂದರೆ ಕೆಂಪಾಗಿಯೇ ಇರಲಿ, ನೂರು ಮಾಡುವ ಹಟ ಬೇಡ. ಯಾರದೋ ಅಡಿಕೆ ದುಡ್ಡು, ಯಾರದೋ ಫೀಸು ಅಂದರೆ ಅಲ್ಲಿ ಒಂದು ಟೆಸ್ಟ್ ಬರೆಯಿರಿ, ಬೊಂಬೆ ತೆಗೆಯಿರಿ, ಕೊನೆಯಲ್ಲಿ ಉತ್ತರ ಏನು ಬಂತು ಅಂತ ತಿರುಗಿ ನೋಡಿ.

ಹಸಿರಿನ ಮೇಲೆ ಅನುಮಾನ ಬಂದರೆ ಪಿಟ್ ಅನ್ನೋ ಇನ್ನೊಂದು ಸಾಧನ ಇದೆ. ಅದು ನಿಮ್ಮ ಕೋಡಿನಲ್ಲಿ ಬೇಕಂತಲೇ ಸಣ್ಣ ಸಣ್ಣ ತಪ್ಪು ಮಾಡಿ, ಕೂಡಿಸುವಲ್ಲಿ ಕಳೆದು, ಟೆಸ್ಟು ಅದನ್ನು ಹಿಡಿಯುತ್ತದಾ ಅಂತ ನೋಡುತ್ತದೆ. ಟೆಸ್ಟಿಗೇ ಟೆಸ್ಟು. ಇಂಟಿಗ್ರೇಶನ್ ಟೆಸ್ಟಿನ ಮೇಲೆ ಓಡಿಸಿದರೆ ಬೆಳಗಾಗುತ್ತದೆ, ಯುನಿಟ್ ಟೆಸ್ಟಿಗೆ ಚೆನ್ನ. ದೊಡ್ಡದಕ್ಕೆ ಕೈಯಿಂದಲೇ ಮಾಡಬಹುದು: ಲೆಕ್ಕದಲ್ಲಿ ಬೇಕಂತಲೇ ಒಂದು ಸೊನ್ನೆ ಕಡಿಮೆ ಮಾಡಿ ಬಿಲ್ಡ್ ಓಡಿಸಿ. ಆಗಲೂ ಹಸಿರೇ ಬಂದರೆ ನಿಮ್ಮ ಕವರೇಜ್ ಎಷ್ಟಿದ್ದರೂ ಅಷ್ಟೇ.

ನಾವು ಕಡೆಗೂ ಆ 78ರ ಟೆಸ್ಟನ್ನು ಕಿತ್ತುಹಾಕಿದೆವು. ಅಂಕಿ ಧಡಕ್ಕನೆ ಇಳಿದು 40ರ ಆಸುಪಾಸಿಗೆ ಬಂತು. ಮೇಲಿನವರಿಗೆ ವಿವರಿಸುವ ಹೊತ್ತಿಗೆ ಸಾಕುಸಾಕಾಯ್ತು. ಆದರೆ ಆ 40ರಲ್ಲಿ ಒಬ್ಬ ಬೆಳೆಗಾರನ ಅಡಿಕೆ ತೂಕದಿಂದ ಹಿಡಿದು ಬ್ಯಾಂಕಿನ ಫೈಲಿನ ಕೊನೇ ಸಾಲಿನ ತನಕ ಹೋಗಿ, 1,80,000 ಅಂದರೆ 1,80,000ವೇ ಬಂದಿದೆಯಾ ಅಂತ ನೋಡುವ ಒಂದು ಟೆಸ್ಟ್ ಇದೆ. ಅದಕ್ಕೆ ನಾನಿಟ್ಟ ಹೆಸರು ಅಜ್ಜಿಐಟಿ. ಹೆಸರು ಬದಲಿಸು ಅಂತ ರಿವ್ಯೂನಲ್ಲಿ ಹೇಳಿದರು, ನಾನು ಬದಲಿಸಲಿಲ್ಲ.

ಅಜ್ಜಿ ಈಗಿಲ್ಲ. ಊರಿಗೆ ಹೋದಾಗ ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ, ಕೊಡೆ ಹಿಡಿದು ನಿಂತ ಯಾರನ್ನಾದರೂ ನೋಡಿದರೆ, ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ, ನಿನ್ನೆ ರಾತ್ರಿಯ ಬಿಲ್ಡ್ ಏನಾಯ್ತು ಅಂತ ನೋಡಲು.

ನಿಮ್ಮ ತಂಡದಲ್ಲಿ ಎರಡನ್ನೂ ಬೇರೆ ಇಡುತ್ತೀರೋ, ಕಲಸುತ್ತೀರೋ? ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿ. ಮತ್ತೆ ಸಿಗೋಣ.